ಮಂಗಳಕ್ಕ ಬರೆದ ಒಂದು ಹಿಟ್

ಮಂಗಳಕ್ಕನನ್ನು ನಾನು ಮೊದಲು ಕಂಡದ್ದು ಐರ್ಲೆಂಡಿನ ಡಬ್ಲಿನ್ ಪಕ್ಕದ ಲೂಕನ್‌ನ ಒಂದು ಪಾರ್ಕಿನಲ್ಲಿ, 2019ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಅತ್ಲೋನ್‌ನಲ್ಲಿ ಎಂ.ಎಸ್ಸಿ. ಮುಗಿಸಿ, ಕೆಲಸ ಸಿಕ್ಕಿ, ಲೂಕನ್‌ಗೆ ಬಂದು ಮೂರು ವಾರವಾಗಿತ್ತಷ್ಟೆ. ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಾ ನಡೆಯುತ್ತಿದ್ದವನಿಗೆ ದೂರದಲ್ಲಿ ಬ್ಯಾಟು, ಚೆಂಡಿನ ಸದ್ದು ಕೇಳಿಸಿತು. ಕ್ರಿಕೆಟ್ ಇರಬೇಕು ಅಂದುಕೊಂಡು ಆ ಕಡೆ ಹೋದೆ. ನೋಡಿದರೆ ಬೇಸ್‌ಬಾಲ್. ಅಂಚಿನಲ್ಲಿ ಮಡಚುವ ಮೇಜು ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದರು. ತಲೆಗೆ ಉಣ್ಣೆಯ ಟೋಪಿ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಪೆನ್ಸಿಲ್. ಮುಂದಿದ್ದ ಅಗಲವಾದ ಪುಸ್ತಕದ ಹಾಳೆ ಗಾಳಿಗೆ ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದರು.

“ಸ್ವಲ್ಪ ಆ ಕಡೆ ನಿಂತ್ಕೊಂಡು ಮಾತಾಡಪ್ಪ. ಇಲ್ಲಿಗೆ ಚೆಂಡು ಬರುತ್ತೆ” ಎಂದರು, ತಲೆ ಎತ್ತದೆ, ಅಚ್ಚ ಮೈಸೂರು ಕನ್ನಡದಲ್ಲಿ.

ನಾನು ಎರಡು ಹೆಜ್ಜೆ ಸರಿಯುವುದರೊಳಗೆ ಚೆಂಡು ಬಂದೇಬಿಟ್ಟಿತು, ನಾನು ನಿಂತಿದ್ದ ಜಾಗಕ್ಕೇ. ಅಮ್ಮನಿಗೆ ಆಮೇಲೆ ಮಾಡ್ತೀನಿ ಎಂದು ಫೋನಿಟ್ಟೆ. ಆ ಮಧ್ಯಾಹ್ನ ಮುಗಿಯುವ ಹೊತ್ತಿಗೆ ತಂಡಕ್ಕೆ ಒಬ್ಬ ಆಟಗಾರ ಕಡಿಮೆ ಇದ್ದಾನೆಂದೂ, ಮುಂದಿನ ಭಾನುವಾರ ಶೂ ಹಾಕಿಕೊಂಡು ಬರಬೇಕೆಂದೂ ನನಗೆ ಅಪ್ಪಣೆಯಾಗಿತ್ತು.

ಅವರ ಪೂರ್ತಿ ಹೆಸರು ಸರ್ವಮಂಗಳಾ. ಐರಿಷರ ಬಾಯಲ್ಲಿ ಅದು ‘ಮ್ಯಾಂಗ್ಲಾ’ ಆಗಿತ್ತು, ಅವರು ತಿದ್ದಲು ಹೋಗಿರಲಿಲ್ಲ. ಗಂಡ ಹೃಷಿಕೇಶ್ ಜೊತೆ 2001ರಲ್ಲಿ ಡಬ್ಲಿನ್‌ಗೆ ಬಂದವರು. ಇಬ್ಬರೂ ಸಾಫ್ಟ್‌ವೇರ್‌ನವರೇ. ಮಂಗಳಕ್ಕನದು ಟೆಸ್ಟಿಂಗ್ ಕೆಲಸ, ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಅದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಹೃಷಿಕೇಶ್ ತುಸು ನೊಂದ ದನಿಯಲ್ಲೇ ಹೇಳುತ್ತಿದ್ದರು. 2004ರಲ್ಲಿ ಮಗಳು ಇಂಚರಾ ಹುಟ್ಟಿದಳು. ಎರಡು ವರ್ಷದ ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು ಅದೇ ಪಾರ್ಕಿನಲ್ಲಿ ಹೋಗುತ್ತಿದ್ದಾಗ ‘ಹೆರಾನ್ಸ್’ ಎಂಬ ಈ ಸಣ್ಣ ಕ್ಲಬ್ಬು ಅಭ್ಯಾಸ ಮಾಡುವುದು ಕಣ್ಣಿಗೆ ಬಿತ್ತು. ಗಾಡಿ ನಿಲ್ಲಿಸಿ ಒಂದು ಗಂಟೆ ನೋಡಿದರಂತೆ. ಕೊನೆಗೆ ತಡೆಯಲಾರದೆ, ಬ್ಯಾಟರ್ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕ್ಯಾಚರ್ ಹತ್ತಿರ ಹೋಗಿ, ನೀನು ಕೂರುವ ರೀತಿ ಸರಿಯಿಲ್ಲ, ಹೀಗೇ ಕೂತರೆ ನಲವತ್ತಕ್ಕೆ ಮಂಡಿ ಹೋಗುತ್ತೆ ಎಂದರಂತೆ.

ಅವರಿಗೆ ಅದು ಗೊತ್ತಿದ್ದದ್ದು ಹೇಗೆಂದರೆ, ಮೈಸೂರಿನಲ್ಲಿ ಕಾಲೇಜು ಓದುವಾಗ ಮೂರು ವರ್ಷ ಇದರಂಥದ್ದೇ ಆಟವಾದ ಸಾಫ್ಟ್‌ಬಾಲ್ ಆಡಿದ್ದರು, ಅದೂ ಕ್ಯಾಚರ್ ಆಗಿ. ಸಲ್ವಾರ್ ಮೇಲೆ ಪ್ಯಾಡು ಕಟ್ಟಿಕೊಂಡು, ಎಲ್ಲ ಹುಡುಗಿಯರೂ ಹಂಚಿಕೊಳ್ಳುತ್ತಿದ್ದ ನಾಲ್ಕೇ ನಾಲ್ಕು ಗ್ಲೌಸಿನಲ್ಲಿ. ಮದುವೆಯಾದ ಮೇಲೆ ಆಟ ನಿಂತಿತು. ನಿಂತದ್ದಕ್ಕೆ ಬೇಸರವಿತ್ತೇ ಎಂದು ಕೇಳಿದರೆ, “ಬೇಸರ ಪಡೋಕೆ ಟೈಮ್ ಎಲ್ಲಿತ್ತು?” ಎನ್ನುತ್ತಿದ್ದರು. ಆದರೆ ಡಿ.ಡಿ. ಅರಸ್ ರಸ್ತೆಯ ಕಡೆಯಿಂದ ಬರುತ್ತಿದ್ದ ಸಂಜೆಯ ಬಿಸಿಲು, ಮೈದಾನದ ಕೆಂಪು ಧೂಳು, ಆಟ ಮುಗಿದ ಮೇಲೆ ಆರು ಜನ ಹಂಚಿಕೊಂಡು ಕುಡಿಯುತ್ತಿದ್ದ ಮೂರು ಸೋಡಾ, ಇವನ್ನೆಲ್ಲ ಹೇಳುವಾಗ ಅವರ ಪೆನ್ಸಿಲು ತಾನಾಗಿ ನಿಂತುಬಿಡುತ್ತಿತ್ತು.

ಹಾಗೆ ಅವರು ಹೆರಾನ್ಸ್ ತಂಡದ ಸ್ಕೋರರ್ ಆದರು. ಬೇಸ್‌ಬಾಲ್‌ನಲ್ಲಿ ಸ್ಕೋರರ್ ಎಂದರೆ ಬರೀ ರನ್ ಎಣಿಸುವವರಲ್ಲ. ಔಟೋ ಅಲ್ಲವೋ ಎಂಬುದನ್ನು ಅಂಪೈರ್ ಹೇಳುತ್ತಾನೆ. ಆದರೆ ಬ್ಯಾಟು ಬೀಸಿದವನು ಓಡಿ ಬೇಸ್ ಎಂಬ ಮೂಲೆಯ ಗುರುತು ಮುಟ್ಟಿದ್ದು ತನ್ನ ಹೊಡೆತದಿಂದಲೋ, ಫೀಲ್ಡರ್ ಮಾಡಿದ ತಪ್ಪಿನಿಂದಲೋ ಎಂದು ತೀರ್ಮಾನಿಸುವವರು ಸ್ಕೋರರ್. ಹೊಡೆತದಿಂದಾದರೆ ಹಿಟ್, ತಪ್ಪಿನಿಂದಾದರೆ ಎರರ್. ಬರೆದರೆ ಮುಗಿಯಿತು, ಅದೇ ಚರಿತ್ರೆ.

ಚರಿತ್ರೆಯ ಮಾತು ಬಂದರೆ ವಾಲ್ಟರ್‌ನ ಮನೆಯ ಬಗ್ಗೆ ಹೇಳಬೇಕು. ವಾಲ್ಟರ್ ನಮ್ಮ ಕ್ಲಬ್ಬಿನ ಹಿರಿಯ, ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ ಐರಿಷ್ ಹುಡುಗಿಯನ್ನು ಮದುವೆಯಾಗಿ ಡಬ್ಲಿನ್ ಬಳಿಯ ಬಂದರು ಊರಾದ ಡನ್ ಲಿಯರಿಯಲ್ಲಿ ನೆಲೆಸಿದವನು. ಅಮೆರಿಕದ ಬೇಸ್‌ಬಾಲ್ ಚಾಂಪಿಯನ್‌ಶಿಪ್ ಆದ ವರ್ಲ್ಡ್ ಸೀರೀಸ್ ಮುಗಿದ ಮೇಲೆ, ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ನಾವೆಲ್ಲ ಅವನ ಮನೆಯಲ್ಲಿ ಸೇರುವುದು ರೂಢಿ. ಮೊದಲು ಬಂದರಿನ ಕಲ್ಲುಕಟ್ಟೆಯ ತುದಿಯವರೆಗೆ ನಡೆದು, ಗಾಳಿಗೆ ಕಿವಿ ಕೆಂಪಾಗಿಸಿಕೊಂಡು ಬಂದು, ಸೂಪು ಕುಡಿದು, ಮಂಗಳಕ್ಕ ತಂದ ಕೋಡುಬಳೆ ಖಾಲಿ ಮಾಡಿ, ಆಮೇಲೆ ವಾದ. ಚಾಂಪಿಯನ್‌ಶಿಪ್ ಚರಿತ್ರೆಯಲ್ಲಿ ಮರೆಯಲಾಗದ ಗಳಿಗೆ ಯಾವುದು?

ವಾಲ್ಟರ್‌ನ ಉತ್ತರ ಬದಲಾಗುತ್ತಿರಲಿಲ್ಲ. 1960, ಏಳನೆಯ ಪಂದ್ಯ, ಸ್ಕೋರು ಒಂಬತ್ತು ಒಂಬತ್ತು, ಕೊನೆಯ ಇನ್ನಿಂಗ್ಸ್, ಚೆಂಡನ್ನು ಮೈದಾನದಾಚೆ ಹಾರಿಸಿದ ಪಿಟ್ಸ್‌ಬರ್ಗ್‌ನ ಹೋಮ್ ರನ್. ಆಗ ಅವನಿಗೆ ಒಂಬತ್ತು ವರ್ಷ. ತರಗತಿಯಲ್ಲಿ ಟೀಚರ್ ರೇಡಿಯೋ ಇಟ್ಟು ಗಣಿತ ನಿಲ್ಲಿಸಿದ್ದರಂತೆ. ಅದನ್ನು ಹೇಳುವಾಗ ಎಪ್ಪತ್ತು ದಾಟಿದ ಆ ಮನುಷ್ಯನ ದನಿ ಪ್ರತಿ ವರ್ಷವೂ ಅದೇ ಜಾಗದಲ್ಲಿ ಒಡೆಯುತ್ತಿತ್ತು. ಇನ್ನೊಬ್ಬರು 1988ರಲ್ಲಿ ಕುಂಟುತ್ತಾ ಬಂದು ಹೋಮ್ ರನ್ ಹೊಡೆದವನ ಪರ. ನಾನು ಹೊಸಬ, 2016ರಲ್ಲಿ ಮಳೆ ಬಂದು ಹದಿನೇಳು ನಿಮಿಷ ನಿಂತು ಮತ್ತೆ ಶುರುವಾದ ಪಂದ್ಯದ ಪರ. ಯಾರಾದರೂ 1986ರಲ್ಲಿ ಫೀಲ್ಡರ್‌ನ ಕಾಲ ನಡುವೆ ಚೆಂಡು ನುಸುಳಿದ್ದನ್ನು ಎತ್ತಿದರೆ ಮಾತ್ರ ಮಂಗಳಕ್ಕ ಬಾಯಿ ಬಿಡುತ್ತಿದ್ದರು. ಆ ಚೆಂಡು ಬರುವ ಮೊದಲೇ ಸ್ಕೋರು ಸಮ ಆಗಿತ್ತು, ಆಮೇಲೆ ಇನ್ನೊಂದು ಪಂದ್ಯವೂ ಇತ್ತು, ಅಷ್ಟಕ್ಕೂ ಆ ಮನುಷ್ಯನೊಬ್ಬನ ಮೇಲೇಕೆ ಹೊರಿಸಬೇಕು, ಬರೆದದ್ದನ್ನು ನೋಡಿ ಮಾತಾಡಿ ಎನ್ನುತ್ತಿದ್ದರು.

ಈ ವಾದ ಎಷ್ಟು ದೂರ ಹೋದರೂ ಕೊನೆಗೆ ನಮ್ಮದೇ ಕ್ಲಬ್ಬಿಗೆ ಬಂದು ನಿಲ್ಲುತ್ತಿತ್ತು. ಯಾರೋ ಒಬ್ಬರು “2011ರ ಫೈನಲ್” ಎನ್ನುತ್ತಿದ್ದರು. ಆಗ ಡೆಕ್ಲನ್ ಎದ್ದು ಟೀ ಮಾಡಲು ಅಡುಗೆಮನೆಗೆ ಹೋಗಿಬಿಡುತ್ತಿದ್ದ. ಮಂಗಳಕ್ಕ ಖಾಲಿ ಕೋಡುಬಳೆ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು. ಯಾಕೆಂದು ನನಗೆ ಗೊತ್ತಾದದ್ದು ಎರಡನೆಯ ವರ್ಷ.

ಡೆಕ್ಲನ್ ಬಸ್ ಡ್ರೈವರ್, ಲೂಕನ್ ಹಳ್ಳಿಯಾಗಿದ್ದಾಗಿನಿಂದ ಅಲ್ಲಿರುವ ಮನೆತನದವನು. ಆ ಕಾಲಕ್ಕೆ ಲೀಗಿನಲ್ಲೇ ಒಳ್ಳೆಯ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. 2011ರ ಆಗಸ್ಟಿನ ಆ ಭಾನುವಾರ ಅಪರೂಪಕ್ಕೆ ಬಿಸಿಲಿತ್ತು. ಎದುರಾಳಿ ಡನ್ ಲಿಯರಿಯ ತಂಡ. ಡೆಕ್ಲನ್‌ನ ಅಪ್ಪನಿಗೆ ಶ್ವಾಸಕೋಶದ ಕಾಯಿಲೆ, ಹೊರಗೆ ಬಂದದ್ದೇ ಹೆಚ್ಚು. ಮಡಚುವ ಕುರ್ಚಿಯಲ್ಲಿ, ಟೋಪಿ ಹಾಕಿಕೊಂಡು, ಹೆಂಡತಿಯ ಪಕ್ಕ ಕೂತಿದ್ದರು. ಅವತ್ತು ಡೆಕ್ಲನ್ ಎಸೆದ ಚೆಂಡನ್ನು ಯಾರಿಗೂ ಸರಿಯಾಗಿ ಹೊಡೆಯಲಾಗಲಿಲ್ಲ. ನಮ್ಮ ಲೀಗಿನಲ್ಲಿ ಏಳು ಇನ್ನಿಂಗ್ಸ್. ಏಳನೆಯದರಲ್ಲಿ ಇಬ್ಬರು ಔಟಾಗಿ, ನಮಗೆ ಮೂರು ರನ್, ಅವರಿಗೆ ಸೊನ್ನೆ. ಅಷ್ಟೇ ಅಲ್ಲ, ಅವರಿಗೆ ಒಂದು ಹಿಟ್ ಕೂಡ ಇಲ್ಲ. ಎದುರಾಳಿಗೆ ಒಂದೂ ಹಿಟ್ ಕೊಡದೆ ಪಂದ್ಯ ಮುಗಿಸುವುದಕ್ಕೆ ನೋ-ಹಿಟರ್ ಅನ್ನುತ್ತಾರೆ. ಪಿಚರ್‌ಗೆ ಜನ್ಮದಲ್ಲಿ ಒಮ್ಮೆ ಬಂದರೆ ಪುಣ್ಯ. ಫೈನಲ್‌ನಲ್ಲಂತೂ ನಮ್ಮ ಕ್ಲಬ್ಬಿನ ಯಾರಿಗೂ ಬಂದಿರಲಿಲ್ಲ.

ಮುಂದಿನ ಬ್ಯಾಟರ್ ಹೊಡೆದ ಚೆಂಡು ನೆಲದಲ್ಲಿ ಪುಟಿಯುತ್ತಾ ಎರಡನೆಯ ಮತ್ತು ಮೂರನೆಯ ಬೇಸ್ ನಡುವೆ ನಿಂತಿದ್ದ ಕೀರನ್ ಕಡೆ ಹೋಯಿತು. ಕೀರನ್ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಬಗ್ಗಿದ. ಚೆಂಡು ಗ್ಲೌಸಿನ ಅಂಚಿಗೆ ಬಡಿದು ಆಚೆ ಉರುಳಿತು. ಬ್ಯಾಟರ್ ಮೊದಲ ಬೇಸ್ ಮುಟ್ಟಿದ. ಮೈದಾನದಲ್ಲಿದ್ದವರೆಲ್ಲ ತಿರುಗಿ ನೋಡಿದ್ದು ಬೇಸ್ ಕಡೆಗಲ್ಲ, ಮಂಗಳಕ್ಕನ ಮೇಜಿನ ಕಡೆಗೆ. ಎರರ್ ಎಂದರೆ ನೋ-ಹಿಟರ್ ಉಳಿಯುತ್ತದೆ. ಹಿಟ್ ಎಂದರೆ ಹೋಯಿತು.

ಮಂಗಳಕ್ಕ ಪೆನ್ಸಿಲಿನಿಂದ ಗೆರೆ ಎಳೆದು ಒಂದು ಬೆರಳು ಎತ್ತಿದರು. ಹಿಟ್.

ಮುಂದಿನವನು ಔಟಾದ, ಹೆರಾನ್ಸ್ ಗೆದ್ದಿತು. ಎಲ್ಲರೂ ಡೆಕ್ಲನ್‌ನನ್ನು ಹೆಗಲ ಮೇಲೆ ಹೊತ್ತರು. ಕೆಳಗಿಳಿದವನೇ ಅವನು ಮೇಜಿನ ಹತ್ತಿರ ಬಂದು, ಇನ್ನೊಮ್ಮೆ ಯೋಚಿಸು, ಬದಲಿಸಲು ಒಂದು ದಿನ ಸಮಯವಿದೆ ಎಂದ. ಚೆಂಡು ಕಲ್ಲಿಗೆ ತಾಗಿ ದಿಕ್ಕು ತಪ್ಪಿತು, ಕೀರನ್ ತಪ್ಪಿಲ್ಲ ಎಂದರು ಮಂಗಳಕ್ಕ. ನಮ್ಮಪ್ಪ ನೋಡುತ್ತಿದ್ದರು ಎಂದಷ್ಟೇ ಹೇಳಿ ಅವನು ಹೊರಟುಹೋದ. ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಮಂಗಳಕ್ಕ ಆ ಜಾಗಕ್ಕೆ ಹೋಗಿ ನೋಡಿದರಂತೆ. ಎರಡು ಮೂರು ಸಣ್ಣ ಕಲ್ಲು ಸಿಕ್ಕವು. ಸಣ್ಣ ಕಲ್ಲು ಯಾವ ಮೈದಾನದಲ್ಲಿ ಸಿಗುವುದಿಲ್ಲ? ಆದರೂ ಅವರಿಗೆ ಅವತ್ತು ಅಷ್ಟು ಸಾಕಾಯಿತು.

ಜನವರಿಯಲ್ಲಿ ಡೆಕ್ಲನ್‌ನ ಅಪ್ಪ ತೀರಿಕೊಂಡರು. ಇಲ್ಲಿನ ಪದ್ಧತಿಯಂತೆ ಮಂಗಳಕ್ಕ ಸಾಲಿನಲ್ಲಿ ನಿಂತು ಮನೆಯವರ ಕೈ ಕುಲುಕಿದರು. ಡೆಕ್ಲನ್ ಎಲ್ಲರಿಗೂ ಹೇಳಿದಂತೆ ಅವರಿಗೂ ಥ್ಯಾಂಕ್ಸ್ ಎಂದ, ಮುಖ ನೋಡಲಿಲ್ಲ. ಆಮೇಲೆ ಹನ್ನೆರಡು ವರ್ಷ ಅವರಿಬ್ಬರ ಮಧ್ಯೆ ಮಾತು ಎಂದರೆ ಪಂದ್ಯದ ಮುಂಚೆ ಆಟಗಾರರ ಪಟ್ಟಿಯನ್ನು ಅವನು ಮೇಜಿನ ಮೇಲಿಟ್ಟು ಹೋಗುವುದು. ಕ್ಲಬ್ಬು ಬಿಡಲು ಇಬ್ಬರಿಗೂ ಮನಸ್ಸಿರಲಿಲ್ಲ. ಹಾಗಾಗಿ ಪ್ರತಿ ಭಾನುವಾರ ಇಪ್ಪತ್ತು ಅಡಿ ದೂರದಲ್ಲಿ ಒಬ್ಬರಿಗೊಬ್ಬರು ಇಲ್ಲದವರಂತೆ ಇದ್ದರು.

2023ರ ನವೆಂಬರಿನಲ್ಲಿ ವಾಲ್ಟರ್ ನಮಗೆಲ್ಲ ಒಂದು ಆಶ್ಚರ್ಯ ಇಟ್ಟಿದ್ದ. ಎದುರಾಳಿ ತಂಡದ ಒಬ್ಬ ಆಟಗಾರನ ಹೆಂಡತಿ ಹಳೇ ಲ್ಯಾಪ್‌ಟಾಪ್ ಎಸೆಯುವ ಮುಂಚೆ ಅದರಲ್ಲಿದ್ದದ್ದನ್ನು ನೋಡುತ್ತಿದ್ದಾಗ 2011ರ ಫೈನಲ್ ವಿಡಿಯೋ ಸಿಕ್ಕಿತ್ತಂತೆ. ವಾಲ್ಟರ್ ಅದನ್ನು ಟಿ.ವಿ.ಗೆ ಹಾಕಿದ. ಡೆಕ್ಲನ್ ಅಡುಗೆಮನೆಗೆ ಹೋಗುವಷ್ಟರಲ್ಲಿ ಪರದೆಯ ಮೇಲೆ ಅವನ ಅಪ್ಪನ ಟೋಪಿ ಕಾಣಿಸಿತು. ಅವನು ಬಾಗಿಲ ಹತ್ತಿರವೇ ನಿಂತುಬಿಟ್ಟ.

ಏಳನೆಯ ಇನ್ನಿಂಗ್ಸ್ ಬಂತು. ಚೆಂಡು ಹೋಯಿತು, ಕೀರನ್ ಬಗ್ಗಿದ, ಚೆಂಡು ಉರುಳಿತು. ಅಮ್ಮನನ್ನು ಕಾರಿನಲ್ಲಿ ಕರೆತಂದಿದ್ದ ಇಂಚರಾ ರಿಮೋಟಿನ ಹತ್ತಿರ ಕೂತಿದ್ದಳು. “ಇನ್ನೊಂದ್ಸಲ ಹಾಕಮ್ಮ, ನಿಧಾನಕ್ಕೆ” ಎಂದರು ಮಂಗಳಕ್ಕ. ಹಾಗೆ ಮೂರು ಸಲ ನೋಡಿದರು. ಚೆಂಡು ಎಲ್ಲೂ ದಿಕ್ಕು ತಪ್ಪಿರಲಿಲ್ಲ. ನೇರವಾಗಿ ಕೀರನ್ ಗ್ಲೌಸಿಗೇ ಬಂದಿತ್ತು. ಎಸೆಯುವ ಆತುರದಲ್ಲಿ ಅವನು ತಲೆ ಮೊದಲೇ ಎತ್ತಿದ್ದ.

ಮಂಗಳಕ್ಕ ಎದ್ದು ನಿಂತರು. ಬಾಗಿಲ ಕಡೆ ನೋಡುತ್ತಾ, ಇಂಗ್ಲಿಷಿನಲ್ಲಿ ಎರಡೇ ವಾಕ್ಯ ಹೇಳಿದರು. ಅದು ಎರರ್, ನಾನು ತಪ್ಪು ಬರೆದೆ. ಕ್ಷಮಿಸು, ಡೆಕ್ಲನ್.

ಡೆಕ್ಲನ್ ಕೋಟು ತೆಗೆದುಕೊಂಡು ಬಂದರಿನ ಕಡೆ ನಡೆದುಹೋದ. ಅವತ್ತು ಮರೆಯಲಾಗದ ಗಳಿಗೆ ಯಾವುದೆಂದು ಯಾರೂ ವಾದ ಮಾಡಲಿಲ್ಲ.

ಲೂಕನ್‌ಗೆ ವಾಪಸಾಗುವಾಗ ನಾನು ಅವರ ಕಾರಿನಲ್ಲೇ ಹಿಂದೆ ಕೂತಿದ್ದೆ. ಹೆದ್ದಾರಿ ಹಿಡಿದ ಮೇಲೆ ಮಂಗಳಕ್ಕ, ನಮಗೆ ಹೇಳುತ್ತಿದ್ದಾರೋ ತಮಗೇ ಹೇಳಿಕೊಳ್ಳುತ್ತಿದ್ದಾರೋ ಗೊತ್ತಾಗದ ಹಾಗೆ, 1992ರ ಒಂದು ಪಂದ್ಯದ ಕಥೆ ಹೇಳಿದರು.

ಮೈಸೂರಿನಲ್ಲಿ ಅಂತರಕಾಲೇಜು ಫೈನಲ್. ಆ ಟೂರ್ನಿಯಲ್ಲಿ ಅತಿ ಹೆಚ್ಚು ಹಿಟ್ ಹೊಡೆದವಳಿಗೆ ಒಂದು ಬೆಳ್ಳಿಬಣ್ಣದ ಕಪ್. ಮಂಗಳಕ್ಕ ಮತ್ತು ಮಂಡ್ಯದ ಜಯಶೀಲಾ ಎಂಬ ಹುಡುಗಿ ಸಮಸಮವಾಗಿದ್ದರು. ಕೊನೆಯ ಸರದಿಯಲ್ಲಿ ಮಂಗಳಕ್ಕ ಹೊಡೆದದ್ದು ಪೇಲವವಾದ ಒಂದು ಚೆಂಡು. ಎದುರಿನ ಹುಡುಗಿ ಕೈಗೆ ಬಂದದ್ದನ್ನು ಬಿಟ್ಟಳು. ಎರರ್ ಎಂದು ಕಣ್ಣಿದ್ದವರಿಗೆಲ್ಲ ಗೊತ್ತಿತ್ತು. ಆದರೆ ಸ್ಕೋರು ಬರೆಯುತ್ತಿದ್ದವರು ಇವರದೇ ಕಾಲೇಜಿನ ಮೇಷ್ಟ್ರು. ಅವರು ಹಿಟ್ ಎಂದು ಬರೆದು ಇವರ ಕಡೆ ನೋಡಿ ನಕ್ಕರು. ಕಪ್ ಇವರಿಗೆ ಬಂತು. ಜಯಶೀಲಾ ಬಂದು ಕೈ ಕುಲುಕಿ, “ಚೆನ್ನಾಗ್ ಆಡಿದ್ರಿ ಅಕ್ಕ” ಎಂದಳಂತೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ತಡೆಯಲಾಗಲಿಲ್ಲ ಎಂದರು ಮಂಗಳಕ್ಕ. ಕಪ್ಪನ್ನು ಮನೆಯಲ್ಲಿ ಯಾರಿಗೂ ಕಾಣದಂತೆ ಅಟ್ಟದ ಮೇಲಿಟ್ಟರು. ಮದುವೆಯಾದ ಮೇಲೆ ಹುಡುಕಲೂ ಇಲ್ಲ.

“ಪೆನ್ಸಿಲ್ ಕೈಗೆ ತಗೊಂಡ ದಿನಾನೇ ಅಂದ್ಕೊಂಡಿದ್ದೆ ಸಂಪತ್, ನಮ್ಮವರ ಪರ ಒಂದು ಗೆರೆನೂ ಎಳೆಯಲ್ಲ ಅಂತ” ಎಂದರು, ಹಿಂದಿನ ಸೀಟಿನಲ್ಲಿದ್ದ ನನ್ನ ಕಡೆ ತಿರುಗಿ. “ಅವತ್ತು ನಾನು ಚೆಂಡು ನೋಡ್ಲೇ ಇಲ್ಲ ಕಣೋ. ಎರರ್ ಅಂತ ಬರೆದ್ರೆ ನಮ್ಮವನ ಪರ ಬರೆದ್ಲು ಅಂತಾರೇನೋ ಅಂತ ಜನರನ್ನ ನೋಡ್ದೆ. ಅದೂ ಮೋಸಾನೇ ಅಲ್ವಾ?”

ಇಂಚರಾ ಸ್ಟಿಯರಿಂಗ್ ಬಿಟ್ಟ ಒಂದು ಕೈಯಿಂದ ಅಮ್ಮನ ಕೈ ಹಿಡಿದುಕೊಂಡು, “ಮಾಮ್, ಯು ವರ್ ಟ್ವೆಂಟಿ” ಎಂದಳು, ತನ್ನ ಲೂಕನ್ ಧಾಟಿಯಲ್ಲಿ. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದರೂ ಅವಳಿಗೆ ಆ ಕಪ್ಪಿನ ವಿಷಯ ಗೊತ್ತಾದದ್ದು ಅವತ್ತೇ.

ಮರುವಾರ ಮಂಗಳಕ್ಕ ಲೀಗಿಗೆ ಪತ್ರ ಬರೆದರು. ಹಳೆಯ ತೀರ್ಮಾನ ಬದಲಿಸಲಾಗುವುದಿಲ್ಲ, ಬೇಕಿದ್ದರೆ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬರೆಯಬಹುದು ಎಂದು ಉತ್ತರ ಬಂತು. 2011ರ ಪುಸ್ತಕ ತೆಗೆದು, ಆ ಚೌಕದ ಪಕ್ಕ, ‘ಇದು ಎರರ್. ವಿಡಿಯೋ ನೋಡಿದ ಮೇಲೆ ಸ್ಕೋರರ್ ಒಪ್ಪಿಕೊಂಡಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದರು. ಆ ಶನಿವಾರ ಡೆಕ್ಲನ್‌ನ ಫೋನ್ ಬಂತು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ಟಿಪ್ಪಣಿಯ ಸುದ್ದಿ ಕೇಳಿದ್ದ ಅವನು, ಆ ಪುಸ್ತಕ ತಂದು ನಮ್ಮಮ್ಮನಿಗೆ ತೋರಿಸುತ್ತೀಯಾ ಎಂದು ಕೇಳಿದನಂತೆ. ಒಬ್ಬರೇ ಹೋಗಲು ಧೈರ್ಯವಿಲ್ಲದೆ ಮಂಗಳಕ್ಕ ನನ್ನನ್ನೂ ಕರೆದರು.

ಡೆಕ್ಲನ್‌ನ ಅಮ್ಮನಿಗೆ ಎಂಬತ್ತಾರು ವರ್ಷ. ಲೂಕನ್‌ನ ಹಳೇ ಬೀದಿಯ ಸಣ್ಣ ಮನೆ. ಟೀ ಕೊಡುವವರೆಗೆ ಯಾವ ವಿಷಯವನ್ನೂ ಎತ್ತಲು ಬಿಡಲಿಲ್ಲ. ಆಮೇಲೆ ಮಂಗಳಕ್ಕ ಪುಸ್ತಕ ಬಿಚ್ಚಿ, ನಿಮ್ಮ ಯಜಮಾನರ ಎದುರಿಗೆ ಆಗಬೇಕಿದ್ದದ್ದನ್ನು ನಾನು ತಪ್ಪಿಸಿಬಿಟ್ಟೆ ಎಂದು ಎಲ್ಲವನ್ನೂ ಹೇಳಿದರು. ಆ ಅಜ್ಜಿ ಕನ್ನಡಕ ಹಾಕಿಕೊಂಡು ಚೌಕಗಳನ್ನು ನೋಡಿದರು. ಅರ್ಥವಾದಂತೆ ಕಾಣಲಿಲ್ಲ. ಮಗನ ಕಡೆ ತಿರುಗಿ, “ಇದಕ್ಕೇನೋ ನೀನು ಇಷ್ಟು ವರ್ಷ ಮುಖ ಊದಿಸ್ಕೊಂಡಿದ್ದು?” ಎಂದು ಕೇಳಿದರು.

ಅಪ್ಪನಿಗೋಸ್ಕರ ಎಂದ ಡೆಕ್ಲನ್.

“ನಿಮ್ಮಪ್ಪ ನಿದ್ದೆ ಮಾಡ್ತಿದ್ರು” ಎಂದರು ಅಜ್ಜಿ.

ಅವರು ಹೇಳಿದ್ದು ಇಷ್ಟು. ಆ ವಾರ ಡಾಕ್ಟರ್ ಹೊಸ ಮಾತ್ರೆ ಕೊಟ್ಟಿದ್ದರು. ಬಿಸಿಲಿಗೆ ಕೂತ ಯಜಮಾನರು ಐದನೆಯ ಇನ್ನಿಂಗ್ಸಿನಲ್ಲೇ ತೂಕಡಿಸತೊಡಗಿದರು. ಬಿಸಿಲು ಬೀಳದಿರಲಿ ಎಂದು ಅಜ್ಜಿಯೇ ಟೋಪಿಯನ್ನು ಮುಖದ ಮೇಲೆ ಎಳೆದಿದ್ದರು. ಎಲ್ಲರೂ ಕೂಗಿದಾಗ ಎಚ್ಚರವಾಗಿ, ನಮ್ಮ ಹುಡುಗ ಗೆದ್ದನಾ ಎಂದು ಕೇಳಿದರು. ಗೆದ್ದ ಎಂದರು ಅಜ್ಜಿ. ಅಷ್ಟು ಸಾಕಾಯಿತು. ಕ್ರಿಸ್‌ಮಸ್‌ವರೆಗೂ ಮನೆಗೆ ಬಂದವರಿಗೆಲ್ಲ ಆ ಕೊನೆಯ ಇನ್ನಿಂಗ್ಸನ್ನು ಕಣ್ಣಾರೆ ಕಂಡವರಂತೆ ವರ್ಣಿಸುತ್ತಿದ್ದರು. ಹಿಟ್ಟೂ ಇಲ್ಲ, ಎರರೂ ಇಲ್ಲ, ಮಗ ಮೂವರನ್ನೂ ಒಬ್ಬರ ಹಿಂದೆ ಒಬ್ಬರಂತೆ ಔಟ್ ಮಾಡಿದ ಎಂದು. ಅಜ್ಜಿ ತಿದ್ದಲು ಹೋಗಲಿಲ್ಲ.

ಇದನ್ನು ನನಗೆ ಯಾಕೆ ಹೇಳಲಿಲ್ಲ ಎಂದ ಡೆಕ್ಲನ್. ನೀನು ಕೇಳಲೇ ಇಲ್ಲವಲ್ಲ ಎಂದರು ಅಜ್ಜಿ.

ಡೆಕ್ಲನ್ ಟೀ ಕಪ್ಪನ್ನು ಕೆಳಗಿಟ್ಟ. ಮೊದಲು ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ನನಗೆ ಗಾಬರಿಯಾಯಿತು. ನೋಡಿದರೆ ನಗುತ್ತಿದ್ದ. ಆಮೇಲೆ ಅಳುವೂ ಬಂತು, ಎರಡನ್ನೂ ಒರೆಸಿಕೊಳ್ಳಲು ಅವನಿಗೆ ಒಂದೇ ಕರ್ಚೀಫು. ನಿಮ್ಮಪ್ಪ ನಿದ್ದೆ ಮಾಡುತ್ತಿದ್ದರೂ ನನ್ನ ತಪ್ಪು ತಪ್ಪೇ ಎಂದರು ಮಂಗಳಕ್ಕ. ತಪ್ಪು ಕೀರನ್‌ದು, ತಲೆ ಎತ್ತಿದವನು ಅವನು ಎಂದ ಡೆಕ್ಲನ್. ಇಬ್ಬರೂ ಸೇರಿ ಅಲ್ಲಿಲ್ಲದ ಕೀರನ್‌ನನ್ನು ಐದು ನಿಮಿಷ ಬೈದರು. ಹೊರಡುವಾಗ ಅಜ್ಜಿ ಮಂಗಳಕ್ಕನ ಕೈ ಹಿಡಿದು, ಮುಂದಿನ ಸಲ ಬರುವಾಗ ಆ ಖಾರದ ಬಳೆ ತಿಂಡಿ ತಾ, ಮಗ ಒಂದನ್ನೂ ಮನೆಗೆ ತಂದಿಲ್ಲ ಎಂದರು.

ಮರುವರ್ಷ ಡೆಕ್ಲನ್‌ಗೆ ಭುಜದ ಆಪರೇಷನ್ ಆಗಿ ಆಡುವುದು ನಿಂತಿತು. ಮನೆಯಲ್ಲಿ ಕೂರಲಾರದೆ ಮಂಗಳಕ್ಕನ ಹತ್ತಿರ ಸ್ಕೋರು ಬರೆಯಲು ಕಲಿತ. ಈಗ ಮೇಜಿಗೆ ಎರಡು ಕುರ್ಚಿ. ಅವರಿಬ್ಬರ ನಡುವೆ ವಾದವಾಗದ ಒಂದು ಚೆಂಡೂ ಇಲ್ಲ. ಹೃಷಿಕೇಶ್ ಅದನ್ನು ನೋಡಿ, ಮನೆಯಲ್ಲಿ ಈಗ ಶಾಂತಿ ಎಂದು ನನ್ನ ಕಿವಿಯಲ್ಲಿ ಹೇಳುತ್ತಾರೆ.

ಕಳೆದ ಜೂನ್‌ನಲ್ಲಿ ನಾನು ಹೊಡೆದ ಚೆಂಡು ಎರಡನೆಯ ಬೇಸಿನವನ ಕೈ ತಪ್ಪಿ ಹೋಯಿತು. ಓಡಿ ಬೇಸ್ ಮುಟ್ಟಿ ಮೇಜಿನ ಕಡೆ ತಿರುಗಿದೆ. ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಪುಸ್ತಕದ ಮೇಲೆ ಬಗ್ಗಿದ್ದರು. ಅಂಪೈರ್ ಎರಡು ಸಲ ಕೈಗಡಿಯಾರ ನೋಡಿದ. ಕೊನೆಗೆ ಮಂಗಳಕ್ಕ ತಲೆ ಎತ್ತಿ ಎರರ್ ಎಂದು ಸಾರಿದರು. ಪಂದ್ಯ ಮುಗಿದ ಮೇಲೆ ಹೋಗಿ, “ಅಕ್ಕ, ಅದು ಹಿಟ್ಟೇ ಆಗಿತ್ತು” ಎಂದೆ.

“ನಾನೂ ಹಿಟ್ ಅಂತಾನೇ ಅಂದೆ ಕಣೋ” ಎಂದರು ಮಂಗಳಕ್ಕ, ಪೆನ್ಸಿಲಿನ ಪುಡಿ ಊದುತ್ತಾ. “ಡೆಕ್ಲನ್ ಒಪ್ಪಲಿಲ್ಲ. ಅವನು ಚೆಂಡು ನೋಡಿದಾನೆ. ನಾನು ಓಡ್ತಿದ್ದ ನಿನ್ನ ನೋಡ್ತಾ ಇದ್ದೆ.”